ಮೆಂಗೆಲ್ ಪಾಸ್‌ಗೆ ಸಂಘದ ಮೆರವಣಿಗೆ ಬೇಡ



ಈ ಸಲದ ಚಳಿಗಾಲದ ಪ್ರವಾಸ ಡೆತ್ ವ್ಯಾಲಿಗೆ ಎಂದು ನಿಶ್ಚಯವಾದದ್ದು ನಮಗೆಲ್ಲ ಸಂತೋಷದ ಸಂಗತಿಯೇ. ಲಾಸ್ ಏಂಜಲಿಸ್ ಸುತ್ತಮುತ್ತ ಇಷ್ಟು ವರ್ಷ ಇದ್ದೂ, ನಾಲ್ಕೈದು ಗಂಟೆಯ ದಾರಿಯಲ್ಲಿರುವ ಈ ಮರುಭೂಮಿಯನ್ನು ನೋಡದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಎಲ್ಲರಿಗೂ ಹಂಚಿದ ಕಾರ್ಯಕ್ರಮದ ಹಾಳೆಯಲ್ಲಿ ಎರಡನೆಯ ದಿನದ ಎದುರಿಗೆ ಬರೆದಿರುವ ಒಂದು ಸಾಲು ನಮ್ಮ ನಿದ್ದೆ ಕೆಡಿಸಿದೆ. ತಿಂಡಿ ಮುಗಿಸಿ ಎಲ್ಲ ಕಾರುಗಳೂ ಸಾಲಾಗಿ ಬ್ಯೂಟ್ ವ್ಯಾಲಿಯ ಮೂಲಕ ಮೆಂಗೆಲ್ ಪಾಸ್ ದಾಟುವುದು, ಆಚೆ ಕಡೆ ಪನಮಿಂಟ್ ವ್ಯಾಲಿಯಲ್ಲಿ ಬುತ್ತಿ ಊಟ ಎಂದಿದೆ. ಹೆಸರು ಕೊಟ್ಟಿರುವುದು ಹದಿನಾಲ್ಕು ಸಂಸಾರ. ಅದರಲ್ಲಿ ಊರಿನಿಂದ ಬಂದಿರುವ ತಂದೆತಾಯಿಯರೂ ಇದ್ದಾರೆ, ಕಾರ್ ಸೀಟಿನಲ್ಲಿ ಕೂರುವ ಕೂಸುಗಳೂ ಇವೆ.

ಆ ಒಂದು ಸಾಲನ್ನು ಕಾರ್ಯಕಾರಿ ಸಮಿತಿ ಹೊಡೆದುಹಾಕಬೇಕು ಎಂದು ನಾವು ಕೆಲವು ಕುಟುಂಬದವರು ಸೇರಿ ಇಲ್ಲಿ ವಾದಿಸುತ್ತಿದ್ದೇವೆ. ಪ್ರವಾಸ ಬೇಡವೆಂದಲ್ಲ, ಮರುಭೂಮಿ ಬೇಡವೆಂದಲ್ಲ, ಆ ಘಟ್ಟವನ್ನು ಯಾರೂ ಹತ್ತಬಾರದೆಂದೂ ಅಲ್ಲ. ಸಂಘದ ಹೆಸರಿನಲ್ಲಿ, ಸಾಲುಗಟ್ಟಿಕೊಂಡು, ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಹತ್ತಬಾರದು. ಏಕೆಂದರೆ ಅಂಥ ದಾರಿಯಲ್ಲಿ ಪ್ರಾಣ ಉಳಿಸುವ ದೊಡ್ಡ ವಿದ್ಯೆ ಯಾವುದು ಎಂದರೆ, ಸಾಕು ಎನಿಸಿದ ಕಡೆ ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ಸು ಬರುವುದು. ಮೆರವಣಿಗೆಯಲ್ಲಿ ಹೋದವರಿಗೆ ಆ ವಿದ್ಯೆಯೇ ಕೈಕೊಡುತ್ತದೆ.

ಮೊದಲು ದಾರಿಯ ಪರಿಚಯ ಮಾಡಿಕೊಳ್ಳೋಣ. ಡೆತ್ ವ್ಯಾಲಿಯ ತಳ ಬ್ಯಾಡ್‌ವಾಟರ್. ಅದು ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. ಅದರ ಪಶ್ಚಿಮಕ್ಕೆ ಗೋಡೆಯಂತೆ ನಿಂತಿರುವುದು ಪನಮಿಂಟ್ ಬೆಟ್ಟಸಾಲು. ಆ ಸಾಲಿನ ಅತಿ ಎತ್ತರದ ಟೆಲಿಸ್ಕೋಪ್ ಪೀಕ್ 11,000 ಅಡಿ ಮೀರುತ್ತದೆ. ಸಾಲು ತಗ್ಗಾಗುವ ದಕ್ಷಿಣದ ಕಡೆ, ಸುಮಾರು 4,300 ಅಡಿ ಎತ್ತರದಲ್ಲಿ ಇರುವುದು ಮೆಂಗೆಲ್ ಪಾಸ್. ಪೂರ್ವದಿಂದ ಹೋಗುವವರು ವೆಸ್ಟ್ ಸೈಡ್ ರಸ್ತೆ ಬಿಟ್ಟು ವಾರ್ಮ್ ಸ್ಪ್ರಿಂಗ್ ಕ್ಯಾನ್ಯನ್ ಹಿಡಿಯುತ್ತಾರೆ. ಹಳೆಯ ಟಾಲ್ಕ್ ಗಣಿಗಳು, ಪಾಳು ಬಿಡಾರ, ಆಮೇಲೆ ಬಯಲಾಗಿ ತೆರೆದುಕೊಳ್ಳುವ ಬ್ಯೂಟ್ ವ್ಯಾಲಿ. ನಡುವೆ ಬಣ್ಣಬಣ್ಣದ ಪಟ್ಟೆ ಹೊದ್ದ ಸ್ಟ್ರೈಪ್ಡ್ ಬ್ಯೂಟ್ ಎಂಬ ಒಂಟಿ ಗುಡ್ಡ, ಅದರ ಹತ್ತಿರ ಜಿಯಾಲಜಿಸ್ಟ್ಸ್ ಕ್ಯಾಬಿನ್ ಎಂಬ ಕಲ್ಲಿನ ಮನೆ, ಪಕ್ಕದಲ್ಲೇ ಆನ್ವಿಲ್ ಸ್ಪ್ರಿಂಗ್ ಎಂಬ ನೀರಿನ ಬುಗ್ಗೆ. ವೆಸ್ಟ್ ಸೈಡ್ ರಸ್ತೆಯಿಂದ ಇಲ್ಲಿಗೆ ಇಪ್ಪತ್ತು ಮೈಲಿಯ ಮೇಲೆ ಆಗುತ್ತದೆ. ಎಲ್ಲವೂ ಟಾರು ಕಾಣದ ದಾರಿ. ಆದರೂ ದಾರಿ ಸರಿಯಿದ್ದಾಗ ಎತ್ತರದ ಗಾಡಿ ಇದ್ದವರು ನಿಧಾನವಾಗಿ ಇಲ್ಲಿಯವರೆಗೆ ಬರುತ್ತಾರೆ.

ನಿಜವಾದ ಕಷ್ಟ ಇರುವುದು ಇಲ್ಲಿಂದ ಮುಂದೆ. ನೆತ್ತಿ ಹತ್ತಿರವಾದಂತೆ ದಾರಿ ಹೋಗಿ ಬಂಡೆಗಳ ಮೆಟ್ಟಿಲಾಗುತ್ತದೆ. ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕೆಂದು ಇಳಿದು ನೋಡಿ ತೀರ್ಮಾನಿಸಬೇಕು. ನೆತ್ತಿಯಲ್ಲಿ ಒಂದು ಕಲ್ಲುಗುಪ್ಪೆ ಇದೆ. ಚಿನ್ನ ಹುಡುಕಿಕೊಂಡು ಈ ಬೆಟ್ಟಗಳಲ್ಲಿ ಬಾಳಿದ ಕಾರ್ಲ್ ಮೆಂಗೆಲ್ ಎಂಬಾತನ ಚಿತಾಭಸ್ಮ ಅದರಡಿಯಲ್ಲಿದೆ. ಆತನ ಮರದ ಕಾಲೂ ಅಲ್ಲೇ ಇದೆ ಎನ್ನುತ್ತಾರೆ. ಆಚೆ ಇಳಿದರೆ ಗೋಲರ್ ವಾಶ್. ಇಕ್ಕಟ್ಟಾದ ಒಣಹಳ್ಳವೇ ಅಲ್ಲಿ ರಸ್ತೆ. 1969ರ ಅಕ್ಟೋಬರ್‌ನಲ್ಲಿ ಚಾರ್ಲ್ಸ್ ಮ್ಯಾನ್ಸನ್‌ನನ್ನು ಹಿಡಿದ ಬಾರ್ಕರ್ ರಾಂಚ್ ಆ ಕಡೆಯೇ ಇರುವುದು. ಕೊಲೆಗಡುಕರು ಅಡಗಿಕೊಳ್ಳಲು ಆ ಜಾಗವನ್ನು ಆರಿಸಿಕೊಂಡರು ಎಂದರೆ ಅಲ್ಲಿ ಜನಸಂಚಾರ ಎಷ್ಟಿರಬಹುದು ಎಂದು ಊಹಿಸಿ. ಈ ದಾರಿಯುದ್ದಕ್ಕೂ ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ, ಫೋನ್ ಸಿಗ್ನಲ್ಲಿನ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ಈಗ ಈ ಯೋಜನೆಯ ಪರವಾಗಿ ಕೇಳಿಬರುತ್ತಿರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, “ನಮ್ಮ ಗಾಡಿ ಆಲ್ ವೀಲ್ ಡ್ರೈವ್” ಎಂಬುದು. ನಾಲ್ಕು ಚಕ್ರಕ್ಕೂ ಬಲ ಹೋಗುವುದು ಬೇರೆ, ಬಂಡೆ ಹತ್ತುವ ಗಾಡಿಯೇ ಬೇರೆ. ಮಳೆಯಲ್ಲಿ, ತೆಳುವಾದ ಹಿಮದಲ್ಲಿ ಚಕ್ರ ಜಾರದಿರಲಿ ಎಂದು ಮಾಡಿದ ವ್ಯವಸ್ಥೆ ನಮ್ಮ ಹೆಚ್ಚಿನ ಗಾಡಿಗಳಲ್ಲಿರುವುದು. ಮೆಂಗೆಲ್ ಪಾಸ್‌ಗೆ ಬೇಕಾದದ್ದು ಲೋ ರೇಂಜ್, ಅಂದರೆ ಎಂಜಿನ್ ಜೋರಾಗಿ ತಿರುಗುತ್ತಿದ್ದರೂ ಚಕ್ರ ಆಮೆಯಂತೆ ತಿರುಗುವ ಇನ್ನೊಂದು ಜೊತೆ ಗಿಯರು. ಅದಿದ್ದರೆ ಬಂಡೆಯನ್ನು ನಡಿಗೆಗಿಂತ ನಿಧಾನವಾಗಿ ಹತ್ತಬಹುದು, ಇಳಿಯುವಾಗ ಬ್ರೇಕು ಕಾಯಿಸದೆ ಎಂಜಿನ್ನಿನ ತಡೆಯಲ್ಲೇ ಇಳಿಯಬಹುದು. ಅದಿಲ್ಲದವರು ವೇಗದಿಂದ ನುಗ್ಗಿ ಹತ್ತಲು ನೋಡುತ್ತಾರೆ. ನುಗ್ಗಿದ ಗಾಡಿಯ ಹೊಟ್ಟೆ ಕಲ್ಲಿಗೆ ಬಡಿಯುತ್ತದೆ. ಎಣ್ಣೆಯ ಪ್ಯಾನ್ ಒಡೆದರೆ ಕತೆ ಮುಗಿಯಿತು. ಇನ್ನು ಟೈರು. ಪೇಟೆಯ ಟೈರಿಗೆ ಪಕ್ಕೆ ತೆಳು, ಅಲ್ಲಿಯ ಕಲ್ಲಿನ ಅಂಚು ಚೂಪು. ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಹಾಕಲಾಗದು. ಅನುಭವಸ್ಥರು ಟೈರಿನ ಗಾಳಿ ಇಳಿಸಿ ಹತ್ತುತ್ತಾರೆ, ಇಳಿದ ಮೇಲೆ ಮತ್ತೆ ತುಂಬಲು ಪಂಪು ಜೊತೆಗಿಟ್ಟುಕೊಂಡಿರುತ್ತಾರೆ, ಪೂರ್ತಿ ಅಳತೆಯ ಸ್ಟೆಪ್ನಿ ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಎಷ್ಟು ಗಾಡಿಗಳಲ್ಲಿ ಪೂರ್ತಿ ಅಳತೆಯ ಸ್ಟೆಪ್ನಿ ಇದೆ? ಡಿಕ್ಕಿ ತೆಗೆದು ನೋಡಿ. ಕೆಲವರಿಗೆ ಸೈಕಲ್ ಚಕ್ರದಂಥ ತೆಳ್ಳನೆಯದು ಕಾಣುತ್ತದೆ, ಕೆಲವರಿಗೆ ಅದೂ ಕಾಣುವುದಿಲ್ಲ.

ಬಾಡಿಗೆ ಗಾಡಿಯಲ್ಲಿ ಬರುವವರಿಗೆ ಇನ್ನೊಂದು ಮಾತು. ಬಾಡಿಗೆ ಕರಾರುಗಳಲ್ಲಿ ಬಹುಪಾಲು ಟಾರಿಲ್ಲದ ರಸ್ತೆಗೆ ಇಳಿಯಬಾರದೆಂದೇ ಬರೆದಿರುತ್ತದೆ. ಕೆಟ್ಟು ನಿಂತರೆ ಅಲ್ಲಿಂದ ಎಳೆಸುವ ಖರ್ಚು ಸಾವಿರ ಡಾಲರ್ ಮೀರುವುದು ಅಪರೂಪವಲ್ಲ, ಅದೂ ಎಳೆಯುವವರು ಬರಲು ಒಪ್ಪಿದರೆ.

ಎರಡನೆಯದು, “ನಕ್ಷೆಯಲ್ಲಿ ರಸ್ತೆ ಇದೆ, ಫೋನೂ ತೋರಿಸುತ್ತದೆ” ಎಂಬುದು. ನಕ್ಷೆಯ ಗೆರೆಗೆ ಬಂಡೆ ಗೊತ್ತಿಲ್ಲ, ಹೋದ ವಾರದ ಮಳೆಯೂ ಗೊತ್ತಿಲ್ಲ. 2022ರ ಆಗಸ್ಟ್ 5ರಂದು ಒಂದೇ ದಿನ ಫರ್ನೇಸ್ ಕ್ರೀಕ್‌ನಲ್ಲಿ ಸುಮಾರು ಒಂದೂವರೆ ಅಂಗುಲ ಮಳೆ ಬಿದ್ದು ಪಾರ್ಕಿನ ರಸ್ತೆಗಳು ಕೊಚ್ಚಿಹೋದವು. ಮರುವರ್ಷ 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಅದನ್ನೂ ಮೀರಿಸಿತು, ಪಾರ್ಕು ಅಕ್ಟೋಬರ್ ನಡುವಿನವರೆಗೆ ಮುಚ್ಚಿತ್ತು. ಅಂಥ ಮಳೆಯ ಮೇಲೆ ಒಣಹಳ್ಳದ ದಾರಿ ಎಲ್ಲಿತ್ತೋ ಅಲ್ಲಿರುವುದಿಲ್ಲ. 2009ರ ಆಗಸ್ಟ್‌ನಲ್ಲಿ ಇದೇ ಪಾರ್ಕಿನಲ್ಲಿ ಜಿಪಿಎಸ್ ನಂಬಿ ಹೋದ ತಾಯಿ ಮಗನ ಜೀಪು ಮರಳಿನಲ್ಲಿ ಹೂತುಹೋಯಿತು. ಕೆಲವು ದಿನಗಳ ಮೇಲೆ ರೇಂಜರುಗಳು ತಲುಪಿದಾಗ ತಾಯಿ ಬದುಕಿದ್ದರು, ಮಗು ಬದುಕಿರಲಿಲ್ಲ. ಅದು ಜೀಪು ಎಂಬುದನ್ನು ಗಮನಿಸಿ. ಈಗ ಕೆಲವು ಫೋನುಗಳು ಉಪಗ್ರಹದ ಮೂಲಕ ಸಹಾಯ ಕೇಳಬಲ್ಲವು, ಒಳ್ಳೆಯದೇ. ಆದರೆ ಅದಕ್ಕೆ ತೆರೆದ ಆಕಾಶ ಕಾಣಬೇಕು, ಕಡಿದಾದ ಗೋಡೆಗಳ ನಡುವೆ ಸಂದೇಶ ಸಲೀಸಾಗಿ ಹೋಗುವುದಿಲ್ಲ. ಸಂದೇಶ ಹೋದರೂ ಮನುಷ್ಯರು ಬಂದು ತಲುಪಲು ಗಂಟೆಗಟ್ಟಲೆ ಬೇಕು.

ಮೂರನೆಯದು, “ನಾವು ಚಾರ್ಮಾಡಿ, ಆಗುಂಬೆ ಕಂಡವರು” ಎಂಬ ಹೆಮ್ಮೆ. ಆ ಹೆಮ್ಮೆ ನಮಗೂ ಉಂಟು. ಆದರೆ ಸ್ವಾಮಿ, ನಮ್ಮ ಘಟ್ಟಗಳಲ್ಲಿ ಟಾರು ಇದೆ, ತಿರುವಿನಲ್ಲಿ ಕಟ್ಟೆ ಇದೆ, ಕೆಟ್ಟು ನಿಂತರೆ ಹಿಂದೆಯೇ ಒಂದು ಬಸ್ಸು ಬರುತ್ತದೆ. ಲಾರಿಯವರು ನಿಲ್ಲಿಸಿ ಏನಾಯ್ತು ಎಂದು ಕೇಳುತ್ತಾರೆ, ಕಲ್ಲು ಕೊಟ್ಟು ಚಕ್ರ ತಡೆಯುತ್ತಾರೆ. ಕೆಳಗಿಳಿದರೆ ಚಹಾದ ಅಂಗಡಿ. ಮಳೆಗಾಲದಲ್ಲಂತೂ ಬೇಡವೆಂದರೂ ನೀರು. ಪನಮಿಂಟ್‌ನಲ್ಲಿ ಹಿಂದಿನಿಂದ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂದು ಹೇಳುವವರಿಲ್ಲ. ಊರಿನ ಘಟ್ಟದಿಂದ ಕಲಿತು ಇಲ್ಲಿಗೆ ತರಬಹುದಾದ ಒಂದು ವಿದ್ಯೆ ಇದ್ದರೆ ಅದು ಲಾರಿ ಕ್ಲೀನರನದು. ಕೆಳಗಿಳಿದು, ಚಕ್ರ ನೋಡಿ, ಕೈಸನ್ನೆ ಮಾಡಿ ಅಂಗುಲ ಅಂಗುಲವಾಗಿ ಗಾಡಿ ದಾಟಿಸುವುದು. ಅಂಥ ಒಬ್ಬನಿಲ್ಲದೆ ಮೆಂಗೆಲ್ ಪಾಸ್ ಹತ್ತಬಾರದು.

ನಾಲ್ಕನೆಯದು, “ಚಳಿಗಾಲದಲ್ಲಿ ಏನು ಭಯ?” ಎಂಬುದು. 1913ರ ಜುಲೈ 10ರಂದು 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾದ ಊರಿನಲ್ಲಿ ಡಿಸೆಂಬರ್ ಹಿತವಾಗಿಯೇ ಇರುತ್ತದೆ, ಒಪ್ಪಿದೆವು. ಆದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಕ್ಯಾನ್ಯನ್ ಒಳಗೆ ಇನ್ನೂ ಮೊದಲೇ ಕತ್ತಲು. ನಾಲ್ಕು ಸಾವಿರ ಅಡಿಯ ಮೇಲೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ. ಹದಿನಾಲ್ಕು ಗಾಡಿಗಳನ್ನು ಒಂದು ಕಲ್ಲಿನ ಮೆಟ್ಟಿಲು ಹತ್ತಿಸಲು ಗಾಡಿಗೆ ಹತ್ತೇ ನಿಮಿಷ ಎಂದಿಟ್ಟುಕೊಳ್ಳಿ. ಆ ಒಂದು ಮೆಟ್ಟಿಲಿಗೇ ಎರಡು ಗಂಟೆ ಇಪ್ಪತ್ತು ನಿಮಿಷ. ಅಂಥವು ಒಂದೇ ಇಲ್ಲ. ಬುತ್ತಿ ಊಟ ಮಧ್ಯಾಹ್ನಕ್ಕೋ ಮಧ್ಯರಾತ್ರಿಗೋ?

ಐದನೆಯದೇ ಎಲ್ಲಕ್ಕಿಂತ ಅಪಾಯದ ಮಾತು: “ನಾವು ಇಷ್ಟು ಜನ ಒಟ್ಟಿಗೆ ಇದ್ದೇವಲ್ಲ!” ಎರಡು ಮೂರು ಗಾಡಿ ಒಟ್ಟಿಗಿದ್ದರೆ ನಿಜಕ್ಕೂ ಬಲ. ಒಂದು ಕೆಟ್ಟರೆ ಇನ್ನೊಂದರಲ್ಲಿ ಎಲ್ಲರೂ ಹಿಂದಿರುಗಬಹುದು. ಹದಿನಾಲ್ಕು ಇದ್ದರೆ ಅದೇ ಬಲ ಸಂಕೋಲೆಯಾಗುತ್ತದೆ. ಒಂದೇ ಗಾಡಿ ಹಿಡಿಸುವ ದಾರಿಯಲ್ಲಿ ಐದನೆಯದು ಸಿಕ್ಕಿಕೊಂಡರೆ ಹಿಂದಿನ ಒಂಬತ್ತು ಮುಂದೆ ಹೋಗುವಂತಿಲ್ಲ, ಮುಂದಿನ ನಾಲ್ಕು ಹಿಂದೆ ಬರುವಂತಿಲ್ಲ. ಪಕ್ಕಕ್ಕೆ ಇಳಿಸೋಣವೆಂದರೆ ಪಾರ್ಕಿನಲ್ಲಿ ರಸ್ತೆ ಬಿಟ್ಟು ಚಕ್ರ ಇಳಿಸುವುದು ಕಾನೂನಿಗೆ ವಿರುದ್ಧ. ಆಫ್ ರೋಡ್ ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ಅಲ್ಲಿ ಇರುವುದು ಒರಟು ರಸ್ತೆ, ಅದನ್ನು ಬಿಟ್ಟು ಹೋಗಲು ಯಾರಿಗೂ ಅಪ್ಪಣೆಯಿಲ್ಲ. ಆ ನೆಲದ ಮೇಲೆ ಒಮ್ಮೆ ಬಿದ್ದ ಚಕ್ರದ ಗುರುತು ವರ್ಷಗಟ್ಟಲೆ ಅಳಿಯುವುದಿಲ್ಲ.

ಅದಕ್ಕಿಂತ ಹೆಚ್ಚಾಗಿ ನಮ್ಮ ಸ್ವಭಾವವನ್ನು ನೆನೆಯಿರಿ. ನಾಲ್ಕು ಜನರ ಎದುರಿಗೆ “ನನ್ನಿಂದ ಆಗದು, ನಾನು ಹಿಂದಿರುಗುತ್ತೇನೆ” ಎಂದು ಹೇಳುವುದು ನಮಗೆ ಎಷ್ಟು ಕಷ್ಟ! ಮುಂದಿನವರು ಹೋದರು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಪಕ್ಕದಲ್ಲಿ ಮಾವನವರು ಕುಳಿತಿದ್ದಾರೆ, ಹಿಂದಿನ ಸೀಟಿನಲ್ಲಿ ಮಗ “ಅಪ್ಪಾ, ಅವರ ಕಾರು ಹತ್ತಿತು” ಎನ್ನುತ್ತಿದ್ದಾನೆ. ಸಂಘದ ಊಟ ಆಚೆ ಕಡೆ ಕಾಯುತ್ತಿದೆ. ಇಂಥ ಹೊತ್ತಿನಲ್ಲಿ ತಿರುಗಿಸುವ ಧೈರ್ಯ ಎಷ್ಟು ಜನರಿಗೆ ಬಂದೀತು? ಹುಂಬತನ ಎಲ್ಲ ಸಲವೂ ಜಂಬದಿಂದ ಬರುವುದಿಲ್ಲ, ದಾಕ್ಷಿಣ್ಯದಿಂದಲೂ ಬರುತ್ತದೆ. ನಮ್ಮವರನ್ನು ಕಾಡುವುದು ಹೆಚ್ಚಾಗಿ ಈ ಎರಡನೆಯ ಬಗೆ.

ಇದು ಬರಿಯ ಹೆದರಿಕೆಯ ಮಾತಲ್ಲ. 1996ರ ಜುಲೈನಲ್ಲಿ ಜರ್ಮನಿಯಿಂದ ನಾಲ್ವರ ಸಂಸಾರವೊಂದು ರಜೆಗೆ ಬಂದಿತ್ತು. ಇಬ್ಬರು ದೊಡ್ಡವರು, ಇಬ್ಬರು ಹುಡುಗರು, ಚಿಕ್ಕವನಿಗೆ ನಾಲ್ಕು ವರ್ಷ. ಬಾಡಿಗೆಯ ಪ್ಲಿಮತ್ ಮಿನಿವ್ಯಾನು. ಊರಿಗೆ ಮರಳುವ ವಿಮಾನದ ದಿನ ಹತ್ತಿರವಿತ್ತು. ವಾರ್ಮ್ ಸ್ಪ್ರಿಂಗ್‌ನ ಹಳೆಯ ಗಣಿ ಬಿಡಾರದಲ್ಲಿಟ್ಟಿದ್ದ ಪುಸ್ತಕದಲ್ಲಿ, ತಾವು ಪಾಸ್ ದಾಟಿ ಹೋಗುತ್ತಿರುವುದಾಗಿ ಅವರು ಬರೆದಿಟ್ಟು ಹೊರಟರು. ಇದೇ ಪಾಸ್, ನಮ್ಮ ಹಾಳೆಯಲ್ಲಿರುವುದೇ. ಆಮೇಲೆ ಅವರನ್ನು ಕಂಡವರಿಲ್ಲ. ಅಕ್ಟೋಬರ್‌ನಲ್ಲಿ ಆ ವ್ಯಾನು ಬ್ಯೂಟ್ ವ್ಯಾಲಿಯಿಂದ ಪೂರ್ವಕ್ಕಿಳಿಯುವ ಆನ್ವಿಲ್ ಕ್ಯಾನ್ಯನ್ ಎಂಬ ಒಣಹಳ್ಳದಲ್ಲಿ ಸಿಕ್ಕಿತು, ಟೈರುಗಳು ಚಪ್ಪಟೆಯಾಗಿದ್ದವು. ಪಾಸ್ ಹತ್ತಲಾಗದೆ ಬೇರೆ ದಾರಿ ಹುಡುಕಿ ಆ ಹಳ್ಳಕ್ಕೆ ಇಳಿದಿರಬೇಕು ಎಂಬುದು ಶೋಧಕರ ಲೆಕ್ಕಾಚಾರ. ದೊಡ್ಡವರಿಬ್ಬರ ಅವಶೇಷ ಸಿಕ್ಕಿದ್ದು ಹದಿಮೂರು ವರ್ಷಗಳ ಮೇಲೆ, 2009ರ ನವೆಂಬರ್‌ನಲ್ಲಿ, ವ್ಯಾನಿನಿಂದ ಹಲವು ಮೈಲಿ ದಕ್ಷಿಣಕ್ಕೆ. ಹಿಂದಕ್ಕೆ ನಾಲ್ಕೈದು ಮೈಲಿ ದೂರದಲ್ಲಿ ಆ ಕಲ್ಲಿನ ಮನೆ ಇತ್ತು, ಬುಗ್ಗೆ ಇತ್ತು, ನೀರು ಇತ್ತು.

ಸತ್ತವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ದಡ್ಡರೂ ಅಲ್ಲ, ಪುಂಡರೂ ಅಲ್ಲ. ನಮ್ಮ ನಿಮ್ಮಂತೆಯೇ ಪರದೇಶದಲ್ಲಿ ರಜೆ ಕಳೆಯಲು ಮಕ್ಕಳನ್ನು ಕರೆದುಕೊಂಡು ಹೊರಟ ಸಂಸಾರವಂದಿಗರು. ನಕ್ಷೆಯಲ್ಲಿ ಗೆರೆ ಇತ್ತು, ಸಮಯ ಕಡಿಮೆ ಇತ್ತು, ಮುಂದೆ ಹೋದರೆ ಆಚೆ ಸೇರುತ್ತೇವೆ ಎನಿಸಿತು. ನಮಗೂ ಹಾಗೆಯೇ ಅನಿಸುತ್ತದೆ, ಆದ್ದರಿಂದಲೇ ಹೇಳುತ್ತಿದ್ದೇವೆ.

ಇನ್ನೂ ಹಳೆಯ ಕತೆ ಒಂದಿದೆ, ಮಕ್ಕಳಿಗೆ ಹೇಳಲು ಒಳ್ಳೆಯದು. 1849ರ ಕೊನೆಯಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟ ಕೆಲವು ಸಂಸಾರಗಳು ದಾರಿ ತಪ್ಪಿ ಈ ಕಣಿವೆಗೆ ಇಳಿದವು. ಬೆನೆಟ್ ಮತ್ತು ಆರ್ಕನ್ ಮನೆತನದವರು ಮಕ್ಕಳೊಂದಿಗೆ ನೀರಿನ ಹತ್ತಿರ ಬಿಡಾರ ಹೂಡಿ ಉಳಿದರು. ವಿಲಿಯಂ ಲೂಯಿಸ್ ಮ್ಯಾನ್ಲಿ, ಜಾನ್ ರಾಜರ್ಸ್ ಎಂಬ ಇಬ್ಬರು ತರುಣರು ನಡೆದುಕೊಂಡೇ ಪನಮಿಂಟ್ ದಾಟಿ, ಸುಮಾರು 250 ಮೈಲಿ ದೂರ ಹೋಗಿ, ಆಹಾರ ಹೊತ್ತು ನಾಲ್ಕು ವಾರಗಳಷ್ಟು ಹೊತ್ತಿಗೆ ಮರಳಿ ಬಂದರು. ಕಾಯದೆ ಹೊರಟವರೊಬ್ಬರು ದಾರಿಯಲ್ಲಿ ಸತ್ತು ಬಿದ್ದಿದ್ದನ್ನು ಅವರು ಮರಳುವಾಗ ಕಂಡರು. ಕಾದವರು ಗಾಡಿಗಳನ್ನು ಅಲ್ಲೇ ಬಿಟ್ಟು, ಮಕ್ಕಳನ್ನು ಎತ್ತುಗಳ ಬೆನ್ನ ಮೇಲೆ ಕೂರಿಸಿ, ಇದೇ ಬೆಟ್ಟಸಾಲಿನ ದಕ್ಷಿಣ ಭಾಗವನ್ನು ಹತ್ತಿಳಿದು ಪಾರಾದರು. ಮ್ಯಾನ್ಲಿ 1894ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದ. ಗಾಡಿಯ ಮೋಹ ಬಿಟ್ಟದ್ದು, ನೀರು ಬಿಟ್ಟು ಕದಲದಿದ್ದದ್ದು, ಗೊತ್ತಿರುವ ಇಬ್ಬರನ್ನು ಮಾತ್ರ ಮುಂದೆ ಕಳಿಸಿದ್ದು, ಹೋದವರು ಕೊಟ್ಟ ಮಾತಿಗೆ ಮರಳಿದ್ದು: ಇವು ಆ ಮಕ್ಕಳನ್ನು ಉಳಿಸಿದವು.

“ಹಾಗಾದರೆ ಮಕ್ಕಳು ಸಾಹಸ ಕಲಿಯುವುದು ಬೇಡವೇ?” ಎಂದು ಕೇಳುವವರಿದ್ದಾರೆ. ಬೇಕು. ಸಾಹಸಕ್ಕೆ ಸಿದ್ಧತೆ ಬೇಕೆಂಬುದನ್ನೂ ಅವರು ಕಲಿಯಬೇಕಲ್ಲ. ಅಪ್ಪ ಅಮ್ಮ ಇಳಿದು, ಬಂಡೆ ನೋಡಿ, ತಲೆ ಅಲ್ಲಾಡಿಸಿ, ಗಾಡಿ ತಿರುಗಿಸಿದ್ದನ್ನು ಕಂಡ ಮಗು ಕಲಿಯುವುದು ಕಡಿಮೆಯೇನಲ್ಲ. ನಾಳೆ ಅದೇ ಮಗು ಹದಿನಾರಕ್ಕೆ ಲೈಸೆನ್ಸ್ ತೆಗೆದು ಗೆಳೆಯರೊಂದಿಗೆ ಹೊರಟಾಗ ನೆನಪಾಗಬೇಕಾದದ್ದು ಅದೇ.

ಟೀಕಿಸಿ ಸುಮ್ಮನಾಗುವುದು ನಮಗೂ ಇಷ್ಟವಿಲ್ಲ. ಎರಡನೆಯ ದಿನಕ್ಕೆ ಬದಲಾಗಿ ನಮ್ಮ ಸಲಹೆ ಇದು. ಎಲ್ಲ ಸಂಸಾರಗಳೂ ಟಾರು ರಸ್ತೆಯಲ್ಲೇ ಝಬ್ರಿಸ್ಕಿ ಪಾಯಿಂಟ್, ಬ್ಯಾಡ್‌ವಾಟರ್, ಡಾಂಟೆಸ್ ವ್ಯೂ ನೋಡಲಿ. ಡಾಂಟೆಸ್ ವ್ಯೂ ಐದು ಸಾವಿರ ಅಡಿಯ ಮೇಲಿದೆ, ಮೆಂಗೆಲ್ ಪಾಸ್‌ಗಿಂತ ಎತ್ತರ. ಅಜ್ಜ ಅಜ್ಜಿಯರು ಕಾರಿನಿಂದ ಇಳಿದ ಕೂಡಲೇ ಇಡೀ ಕಣಿವೆ ಕಾಲಕೆಳಗೆ ಕಾಣುತ್ತದೆ, ಎದುರಿಗೆ ಪನಮಿಂಟ್ ಸಾಲು ಕಾಣುತ್ತದೆ. ಬುತ್ತಿ ಊಟ ಅಲ್ಲಿಂದ ಇಳಿದ ಮೇಲೆ ನೆಮ್ಮದಿಯಾಗಿ ಆಗಲಿ.

ಒರಟು ದಾರಿಯ ಆಸೆ ಇದ್ದವರು ಬೇರೆ ದಿನ, ತಮ್ಮ ಸ್ವಂತ ಜವಾಬ್ದಾರಿಯ ಮೇಲೆ, ವಯಸ್ಕರು ಮಾತ್ರ, ಎರಡರಿಂದ ಮೂರು ಗಾಡಿಗಳಲ್ಲಿ ಹೋಗಲಿ. ಗಾಡಿ ಎತ್ತರದ್ದಾಗಿರಲಿ, ಲೋ ರೇಂಜ್ ಇರಲಿ, ಗಟ್ಟಿ ಟೈರು, ಪೂರ್ತಿ ಅಳತೆಯ ಸ್ಟೆಪ್ನಿ, ಜಾಕಿನ ಕೆಳಗಿಡಲು ಹಲಗೆ, ಗಾಳಿ ಪಂಪು, ಎಳೆಯುವ ಪಟ್ಟಿ ಇರಲಿ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಲೆಕ್ಕದಲ್ಲಿ, ಅಂದುಕೊಂಡದ್ದಕ್ಕಿಂತ ಎರಡು ದಿನ ಹೆಚ್ಚಿಗೆ ನೀರು ಇರಲಿ. ಕಾಗದದ ನಕ್ಷೆ ಇರಲಿ, ಹೊದಿಕೆ ಇರಲಿ. ಹೊರಡುವ ದಿನ ರೇಂಜರುಗಳನ್ನು ಕೇಳಿ ದಾರಿಯ ಸ್ಥಿತಿ ತಿಳಿದುಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬಾರದಿದ್ದರೆ ಪೊಲೀಸರಿಗೆ ಫೋನ್ ಮಾಡಬೇಕು ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ. ಆಕಾಶದಿಂದ ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಮೊದಲ ಸಲ ಹೋಗುವವರು ಪೂರ್ವದಿಂದ ಕಲ್ಲಿನ ಮನೆಯವರೆಗೆ ಹೋಗಿ, ಸ್ಟ್ರೈಪ್ಡ್ ಬ್ಯೂಟ್ ನೋಡಿ, ಅದೇ ದಾರಿಯಲ್ಲಿ ಮರಳಲಿ. ಕಾಲಿಗೆ ಶಕ್ತಿ ಇದ್ದವರು ಅಲ್ಲಿಂದ ನೆತ್ತಿಗೆ ನಡೆದೇ ಹೋಗಿ ಮೆಂಗೆಲ್‌ನ ಕಲ್ಲುಗುಪ್ಪೆ ನೋಡಿ ಬರಬಹುದು. ಆಚೆ ಕಡೆಯ ಬಂಡೆಗಳನ್ನು ಕಣ್ಣಾರೆ ಕಂಡ ಮೇಲೆ ಮುಂದಿನ ವರ್ಷದ ಮಾತು ಮುಂದಿನ ವರ್ಷ.

ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ಬೇಡಿಕೆ ಎರಡೇ. ಕಾರ್ಯಕ್ರಮದ ಹಾಳೆಯಿಂದ ಮೆಂಗೆಲ್ ಪಾಸ್ ತೆಗೆಯಿರಿ. ಇನ್ನು ಮುಂದೆ ಸಂಘದ ಯಾವ ಪ್ರವಾಸವೂ, ನಮ್ಮ ಅತಿ ತಗ್ಗಿನ ಕಾರು ಮತ್ತು ಅತಿ ಹೊಸ ಡ್ರೈವರ್ ಹೋಗಿ ಕ್ಷೇಮವಾಗಿ ಮರಳಲಾಗದ ದಾರಿಯಲ್ಲಿ ಹೋಗಬಾರದೆಂದು ನಿರ್ಣಯ ಮಾಡಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ, ಸಂತೋಷದಿಂದ ಓದುತ್ತೇವೆ. ಹಾಗೆ ಬರೆಯುವ ಮೊದಲು ಒಂದು ಸಲ ತಮ್ಮ ಗಾಡಿಯ ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿಕೊಂಡು ಬರಲಿ ಎಂದಷ್ಟೇ ನಮ್ಮ ವಿನಂತಿ.